ಎಂತಕ್ಕೂ ಬಾರದ ಹನ್ನೆರಡು

ನನ್ನ ಚಿಕ್ಕಪ್ಪನನ್ನು ನೀವು ಜಿಪುಣ ಅನ್ನಬಹುದಿತ್ತು, ನಕ್ಕು ಸುಮ್ಮನಾಗುತ್ತಿದ್ದರು. ಮರ್ಲ, ಅಂದರೆ ಹುಚ್ಚ, ಅನ್ನಬಹುದಿತ್ತು, ಅದನ್ನಂತೂ ನಮ್ಮ ಅಜ್ಜಿ ದಿನಕ್ಕೆರಡು ಸಲ, ಕಾಫಿಯ ಹೊತ್ತಿಗೆ ತಪ್ಪದೆ ಅನ್ನುತ್ತಿದ್ದರು. ಆದರೆ ಅವರು ಮಾಡಿದ ವಸ್ತುವೊಂದನ್ನು ಕೈಯಲ್ಲಿ ಹಿಡಿದು "ಅರೆ, ಇದು ಉಪಯೋಗಕ್ಕೆ ಬರ್ತದಲ್ಲ!" ಅಂದಿರೋ, ಮುಗಿಯಿತು! ಎರಡು ದಿನ ಅವರಿಗೆ ಊಟ ಸೇರುತ್ತಿರಲಿಲ್ಲ. ಹೊಗಳಿದರೆ ಹಾಸಿಗೆ ಹಿಡಿಯುವ ಮನುಷ್ಯ ಇಡೀ ಕಲ್ಕತ್ತದಲ್ಲಿ ಅವರೊಬ್ಬರೇ ಇದ್ದಿರಬೇಕು.

ಹಗಲು ಹೊತ್ತು ಅವರು ಪಾರ್ಕ್ ಸ್ಟ್ರೀಟಿನ ಹತ್ತಿರ ಒಂದು ಬ್ಯಾಂಕಿನಲ್ಲಿ ಗುಮಾಸ್ತರು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ನೋಡಿದರೆ ಉಡುಪಿ ಕಡೆಯ ಸಾಧು ಪ್ರಾಣಿ. ಸಂಜೆ ಕಸ್ಬಾದ ನಮ್ಮ ಮನೆಗೆ ಬಂದು, ಪಂಚೆ ಉಟ್ಟು, ವರಾಂಡದ ಮೂಲೆಯಲ್ಲಿ ಚಾಪೆ ಹಾಸಿ ಕೂತರೆಂದರೆ ಬೇರೆಯೇ ಅವತಾರ. ಚೀಲದಿಂದ ಒಂದೊಂದೇ ಹೊರಗೆ ಬರುತ್ತಿತ್ತು: ದಾರಿಯಲ್ಲಿ ಸಿಕ್ಕ ಟ್ರಾಮಿನ ಬೋಲ್ಟು, ಸೈಕಲ್ ಬೆಲ್ಲಿನ ಮುಚ್ಚಳ, ಮುರಿದ ಕೊಡೆಯ ಕಡ್ಡಿಗಳು, ಬೀಗವಿಲ್ಲದ ಕೀಲಿಕೈ, ಕೀಲಿಕೈಯಿಲ್ಲದ ಬೀಗ, ಹೊಲಿಗೆ ಮಿಷನ್ನಿನ ಪುಟ್ಟ ಚಕ್ರ. ಇವನ್ನೆಲ್ಲ ಒಂದಕ್ಕೊಂದು ಸೇರಿಸಿ ಗೇಣುದ್ದದ ಏನೋ ಒಂದನ್ನು ನಿಲ್ಲಿಸುತ್ತಿದ್ದರು. ಏನೋ ಒಂದು ಅಂದೆನಲ್ಲ, ಅದಕ್ಕಿಂತ ಸರಿಯಾದ ಮಾತು ನನಗೆ ಇವತ್ತಿಗೂ ಸಿಕ್ಕಿಲ್ಲ. ಹಕ್ಕಿಯಲ್ಲ, ಮನುಷ್ಯನಲ್ಲ, ದೇವರಂತೂ ಅಲ್ಲವೇ ಅಲ್ಲ.

"ಇದೆಂತ ಚಿಕ್ಕಪ್ಪ?" ಎಂದು ನಾನು ಕೇಳುತ್ತಿದ್ದೆ.

"ಎಂತದೂ ಅಲ್ಲ. ಹೀಗೆ ಉಂಟು."

"ಎಂತಕ್ಕೆ ಬರ್ತದೆ ಅದು?" ಇದು ಅಡುಗೆಮನೆಯಿಂದ ಚಿಕ್ಕಮ್ಮನ ದನಿ.

"ಎಂತಕ್ಕೂ ಬರುದಿಲ್ಲ!" ಹೀಗೆ ಹೇಳುವಾಗ ಚಿಕ್ಕಪ್ಪನ ಮುಖ ನೋಡಬೇಕಿತ್ತು. ಮಗಳು ಪರೀಕ್ಷೆಯಲ್ಲಿ ಮೊದಲು ಬಂದಳು ಅಂತ ಹೇಳುವ ತಂದೆಯ ಮುಖ!

ಅವರದ್ದು ಎರಡು ಕಟ್ಟುನಿಟ್ಟಿನ ನಿಯಮ. ಮೊದಲನೆಯದು, ಲೋಹವನ್ನು ಕೊಂಡು ತರಬಾರದು, ಬೀದಿಯಲ್ಲಿ ಸಿಗಬೇಕು. ಎರಡನೆಯದು, ಬೆಸುಗೆ ಹಾಕಬಾರದು, ಕತ್ತರಿಸಬಾರದು, ಬಡಿಯಬಾರದು. ನಟ್ಟು, ಬೋಲ್ಟು, ತಂತಿ, ಇಷ್ಟರಲ್ಲೇ ಎಲ್ಲವೂ ನಿಲ್ಲಬೇಕು. ಯಾಕೆ ಅಂತ ಕೇಳಿದ್ದಕ್ಕೆ, "ಅವು ನಮ್ಮ ಮನೆಗೆ ನೆಂಟರ ಹಾಗೆ ಬಂದವು ಮಾರಾಯ್ತಿ. ಹೋಗ್ತೇನೆ ಅಂದಾಗ ಹೋಗ್ಲಿಕ್ಕೆ ಆಗ್ಬೇಕಲ್ಲ?" ಅಂದಿದ್ದರು. ಬೋಲ್ಟು ಹೋಗ್ತೇನೆ ಅನ್ನುವುದನ್ನು ನಾನು ಕೇಳಿಲ್ಲ. ಅವರಿಗೆ ಕೇಳಿಸುತ್ತಿತ್ತೋ ಏನೋ! ಆ ದಿನಗಳಲ್ಲಿ ಸಂಜೆಯಾದರೆ ಕರೆಂಟು ಹೋಗುವುದು ಸೂರ್ಯ ಮುಳುಗಿದಷ್ಟೇ ಖಾತ್ರಿ. ಬೀದಿಯವರೆಲ್ಲ ಸರ್ಕಾರಕ್ಕೆ ಶಾಪ ಹಾಕುತ್ತಿದ್ದರೆ ಇವರು ಕತ್ತಲಲ್ಲೇ ಬೆರಳಿನಿಂದ ನಟ್ಟಿನ ಅಳತೆ ನೋಡುತ್ತಾ ಕೆಲಸ ಮುಂದುವರಿಸುತ್ತಿದ್ದರು.

ಅವರಿಗೆ ಎಲ್ಲಕ್ಕಿಂತ ಪ್ರಿಯವಾದ ದಿನ ಯಾವುದು ಗೊತ್ತೇ? ದೀಪಾವಳಿಯಲ್ಲ, ಅಷ್ಟಮಿಯಲ್ಲ. ಬಂದ್! ಆ ಕಾಲದ ಕಲ್ಕತ್ತದಲ್ಲಿ ಬಂದ್‌ಗೆ ಬರವಿರಲಿಲ್ಲ. ವಿರೋಧ ಪಕ್ಷದವರು ಕರೆಯುತ್ತಿದ್ದರು, ಯೂನಿಯನ್ನಿನವರು ಕರೆಯುತ್ತಿದ್ದರು, ಒಮ್ಮೊಮ್ಮೆ ರಾಜ್ಯ ಆಳುವವರೇ ದಿಲ್ಲಿಯ ಮೇಲೆ ಸಿಟ್ಟಾಗಿ ಕರೆಯುತ್ತಿದ್ದರು. ಅಪ್ಪ ತನ್ನ ಇಡ್ಲಿ ಹೋಟೆಲಿನ ಬಾಗಿಲು ಹಾಕಿ ತಲೆಮೇಲೆ ಕೈ ಹೊತ್ತು ಕೂತರೆ ಚಿಕ್ಕಪ್ಪ ಬಟ್ಟೆ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದರು. ಬೇರೆ ದಿನ ಬಸ್ಸು, ಟ್ರಾಮು, ಟ್ಯಾಕ್ಸಿಗಳ ಅಡಿಯಲ್ಲಿ ಕಾಣಿಸದೆ ಬಿದ್ದಿರುವುದೆಲ್ಲ ಅಂದು ಖಾಲಿ ರಸ್ತೆಯಲ್ಲಿ ಪಳಪಳ ಹೊಳೆಯುತ್ತಿತ್ತು. ಇಡೀ ಊರಿಗೆ ಬಂದ್, ಇವರಿಗೆ ಸುಗ್ಗಿ.

ಇಂಥ ಒಂದು ಸುಗ್ಗಿಯ ದಿನವೇ ಪೊಲೀಸರ ಕೈಗೆ ಸಿಕ್ಕಿಬಿದ್ದದ್ದು. ನೀವೇ ಹೇಳಿ, ಬಂದ್ ದಿನ ಚೀಲದ ತುಂಬ ಕಬ್ಬಿಣದ ನಟ್ಟು ಬೋಲ್ಟು ಹೊತ್ತು ನಡುರಸ್ತೆಯಲ್ಲಿ ನಡೆಯುವವನನ್ನು ಪೊಲೀಸರು ಹೂಹಾರ ಹಾಕಿ ಬರಮಾಡಿಕೊಳ್ಳುತ್ತಾರೆಯೇ? ಠಾಣೆಗೆ ಕರೆದುಕೊಂಡು ಹೋದರು. ಇನ್‌ಸ್ಪೆಕ್ಟರು ಚೀಲವನ್ನು ಮೇಜಿನ ಮೇಲೆ ಸುರಿಸಿ, "ಇದೆಲ್ಲ ಯಾರ ತಲೆಗೆ ಎಸೆಯಲು?" ಎಂದು ಗದರಿಸಿದರು. ಚಿಕ್ಕಪ್ಪನಿಗೆ ಗಾಬರಿಯಾದರೆ ಬಂಗಾಳಿ ಮರೆತುಹೋಗುತ್ತಿತ್ತು. ಹಿಂದಿ ಮೊದಲೇ ಅಷ್ಟಕ್ಕಷ್ಟೆ. ಬಾಯಲ್ಲಿ ಹೇಳಲಾಗದೆ ಮೇಜಿನ ಮೇಲೆಯೇ ಒಂದಕ್ಕೊಂದು ಸೇರಿಸಿ ತೋರಿಸತೊಡಗಿದರು. ಹತ್ತು ನಿಮಿಷದಲ್ಲಿ ಗೇಣುದ್ದದ ಏನೋ ಒಂದು ಎದ್ದು ನಿಂತಿತು.

ಇನ್‌ಸ್ಪೆಕ್ಟರು ಕುರ್ಚಿಯಿಂದ ಎದ್ದರು. ಒಂದು ಸುತ್ತು ಹಾಕಿದರು. "ಕುತ್ತಿಗೆ ಸ್ವಲ್ಪ ಉದ್ದವಾಯಿತು" ಅಂದರು.

"ಇಲ್ಲ ಸರ್, ಕುತ್ತಿಗೆ ಸರಿಯಿದೆ. ಬುಡಕ್ಕೆ ಭಾರ ಸಾಲದು" ಅಂದರು ಬಾಗಿಲಲ್ಲಿದ್ದ ಹವಾಲ್ದಾರರು.

ಕಲ್ಕತ್ತ ಅಲ್ಲವೇ! ವಾದ ಹತ್ತಿಕೊಂಡಿತು. ಲಾಕಪ್ಪಿನ ಒಳಗಿದ್ದವನೊಬ್ಬ ಸರಳು ಹಿಡಿದು ಹವಾಲ್ದಾರರ ಪರ ಮಾತಾಡಿದನಂತೆ. ಎರಡು ಗಂಟೆ, ಮಣ್ಣಿನ ಲೋಟದಲ್ಲಿ ಮೂರು ಸುತ್ತು ಚಹಾ. ಕೊನೆಗೆ ಚಿಕ್ಕಪ್ಪನನ್ನು ಜೀಪಿನಲ್ಲಿ ಮನೆಯ ತನಕ ಬಿಟ್ಟುಹೋದರು. ಜೀಪಿನಿಂದ ಇಳಿದವರು ಚಿಕ್ಕಮ್ಮನ ಅಳುಮುಖವನ್ನು ಗಮನಿಸದೆ ಹೇಳಿದ ಮೊದಲ ಮಾತು, "ಹವಾಲ್ದಾರ ಹೇಳಿದ್ದು ಸರಿ ಮಾರಾಯ್ತಿ, ಬುಡಕ್ಕೆ ಭಾರ ಸಾಲದು."

ಪೊಲೀಸರಿಗೆ ಇದ್ದ ಈ ಕಲಾಪ್ರೇಮ ನಮ್ಮ ಮನೆಯವರಿಗೆ ಎಲ್ಲಿಂದ ಬರಬೇಕು? ಉಡುಪಿಯವರು ನಾವು. ಒಡೆದ ಭರಣಿಯನ್ನೂ ಬಿಸಾಡದೆ ಅದರಲ್ಲಿ ತುಳಸಿ ನೆಡುವ ಜನ. ಕಣ್ಣೆದುರು ಒಂದು ವಸ್ತು ಸುಮ್ಮನೆ ಕೂತಿರುವುದನ್ನು ನೋಡಿ ಸಹಿಸುವ ಅಭ್ಯಾಸವೇ ನಮಗಿಲ್ಲ. ಚಿಕ್ಕಪ್ಪ ಕೊಡೆಯ ಕಡ್ಡಿಗಳನ್ನು ಬೀಸಣಿಗೆಯ ಹಾಗೆ ಹರಡಿ ಒಂದನ್ನು ಮಾಡಿದರು. ಮೂರನೇ ದಿನ ನೋಡಿದರೆ ಅಜ್ಜಿ ಅದರ ಕಡ್ಡಿಗೊಂದರಂತೆ ದೀಪದ ಬತ್ತಿ ಒಣಹಾಕಿದ್ದಾರೆ! "ಒಳ್ಳೇದು ಮಾಡಿದ್ದಿ ಮಗಾ, ಅಂತೂ ಬುದ್ಧಿ ಬಂತು" ಎಂಬ ಆಶೀರ್ವಾದ ಬೇರೆ. ಅಪ್ಪ ಒಂದನ್ನು ಹೋಟೆಲಿಗೆ ಒಯ್ದು ಅದರಲ್ಲಿ ಬಿಸಿ ಇಡ್ಲಿ ತಟ್ಟೆ ಎತ್ತಿಸಿದರು. ನಾನೇನು ಕಡಿಮೆಯೇ? ಕಾಲೇಜಿಗೆ ಹೋಗುವ ಗಡಿಬಿಡಿಯಲ್ಲಿ ಒಂದಕ್ಕೆ ನನ್ನ ಬಳೆಗಳನ್ನೆಲ್ಲ ನೇತುಹಾಕಿದ್ದೆ.

ಆದರೆ ಚಿಕ್ಕಮ್ಮನ ಕೈಗೆ ಸಿಕ್ಕದ್ದೇ ದೊಡ್ಡ ದುರಂತ. ಸೈಕಲ್ ಚೈನಿನ ತುಂಡನ್ನು ಉಂಗುರ ಮಾಡಿ, ಅದಕ್ಕೆ ಮೂರು ಬೋಲ್ಟಿನ ಕಾಲು ಕೊಟ್ಟು ಚಿಕ್ಕಪ್ಪ ಒಂದನ್ನು ಮಾಡಿದ್ದರು. ಒಂದು ತಿಂಗಳ ಕೆಲಸ. ಚಿಕ್ಕಮ್ಮ ಒಲೆಯಿಂದ ಇಳಿಸಿದ ಕೊದಿಲಿನ ಪಾತ್ರೆಯನ್ನು ನೇರ ತಂದು ಅದರ ಮೇಲೆ ಕೂರಿಸಿದರು. ಅಳತೆ ತೆಗೆದು ಮಾಡಿಸಿದಂತೆ ಕೂತಿತು!

"ಅಬ್ಬ, ಇಷ್ಟು ವರ್ಷದಲ್ಲಿ ಒಂದು ಕೆಲಸಕ್ಕೆ ಬರುವಂಥದ್ದು ಮಾಡಿದ್ರಿ ಇವರೇ" ಅಂದರು ಪ್ರೀತಿಯಿಂದ. "ಅನ್ನದ ಪಾತ್ರೆಗೆ ಇನ್ನೊಂದು ಮಾಡಿ ಕೊಡಿ, ಆಯ್ತಾ?"

ಚಿಕ್ಕಪ್ಪ ಊಟದಿಂದ ಎದ್ದುಹೋದರು. ಉಪಯೋಗಕ್ಕೆ ಬಂದದ್ದು ಕಲೆಯಲ್ಲ ಎನ್ನುವುದು ಅವರ ಸಿದ್ಧಾಂತ. ಹಾಗೆ ಬಂದದ್ದನ್ನು ಅಂದೇ ಬಿಚ್ಚಿ ಡಬ್ಬಕ್ಕೆ ಹಾಕುವುದು ಶಿಕ್ಷೆ. ಹೀಗಾಗಿ ಇಪ್ಪತ್ತು ವರ್ಷ ಪ್ರತಿ ಸಂಜೆ ಕೆಲಸ ಮಾಡಿದರೂ ವರಾಂಡದ ಹಲಗೆಯ ಮೇಲೆ ಆರೇಳಕ್ಕಿಂತ ಹೆಚ್ಚು ಯಾವತ್ತೂ ನಿಲ್ಲಲಿಲ್ಲ. ಅವರು ಕಟ್ಟುವುದು, ನಾವು ಉಪಯೋಗಿಸುವುದು, ಅವರು ಬಿಚ್ಚುವುದು.

ಈ ಚಕ್ರ ನಿಂತದ್ದು ಅಜ್ಜಿಯಿಂದ. ಮಹಾನವಮಿಯ ದಿನ ಹೊರಗೆ ದುರ್ಗಾಪೂಜೆಯ ಡೋಲು ಕಿವಿ ಒಡೆಯುತ್ತಿದ್ದರೆ, ಮನೆಯೊಳಗೆ ನಮ್ಮದು ಆಯುಧಪೂಜೆ. ಅಜ್ಜಿಗೆ ಕಬ್ಬಿಣದ್ದು ಅಂದರೆ ಸಾಕು. ಕತ್ತಿ, ಕತ್ತರಿ, ದೋಸೆ ಕಾವಲಿ, ಅಪ್ಪನ ಸ್ಕೂಟರು, ಎಲ್ಲಕ್ಕೂ ಕುಂಕುಮ. ಆ ವರ್ಷ ಕೈಯಲ್ಲಿ ಕುಂಕುಮ ಉಳಿಯಿತೋ, ಮಗನ ಮೇಲೆ ಕರುಣೆ ಬಂತೋ, ಹಲಗೆಯ ಮೇಲಿದ್ದ ಏಳಕ್ಕೂ ಒಂದೊಂದು ಬೊಟ್ಟು ಇಟ್ಟುಬಿಟ್ಟರು.

ಮಾರನೆಯ ದಿನ ವಿಜಯದಶಮಿ. ಮೇಲಿನ ಮನೆಯ ಮಾಸ್ಟರ್‌ಮಶಾಯ್ ಸಂದೇಶ ಎಂಬ ಸಿಹಿತಿಂಡಿಯ ಪೊಟ್ಟಣ ಹಿಡಿದು ಶುಭಾಶಯ ಹೇಳಲು ಬಂದರು. ಕಾಲೇಜಿನಲ್ಲಿ ಪಾಠ ಹೇಳುವವರು. ಮನೆಯಲ್ಲಿ ಮಾತಾಡಿದರೂ ಕೆಂಪು ಬಾವುಟದ ಮೆರವಣಿಗೆಯ ಮುಂದೆ ನಿಂತಂತೆ ಮಾತಾಡುವವರು. ವರಾಂಡದಲ್ಲಿ ಹಾದುಹೋಗುವಾಗ ಹಲಗೆಯ ಮುಂದೆ ಗಕ್ಕನೆ ನಿಂತರು. ಸಂದೇಶದ ಪೊಟ್ಟಣ ಕೈಯಲ್ಲೇ ವಾಲಿತು.

"ದಾದಾ! ತುಕ್ಕು ಹಿಡಿದ ಕಬ್ಬಿಣ. ಶ್ರಮಿಕನ ದಣಿದ ದೇಹ. ಅದರ ಹಣೆಯಲ್ಲಿ ಒಂದೇ ಒಂದು ಕೆಂಪು ಚುಕ್ಕೆ! ಒಂದೇ ಒಂದು! ಎಂಥ ಸಂಯಮ!"

ಚಿಕ್ಕಪ್ಪ ಸುಳ್ಳು ಹೇಳುವವರಲ್ಲ. "ಅದು ನಾನು ಇಟ್ಟದ್ದಲ್ಲ, ನನ್ನ ತಾಯಿ ಇಟ್ಟದ್ದು" ಅಂದರು.

ಮಾಸ್ಟರ್‌ಮಶಾಯ್ ಅಡುಗೆಮನೆಯ ಬಾಗಿಲಿಗೆ ಹೋಗಿ ಅಜ್ಜಿಯ ಕಾಲು ಮುಟ್ಟಿ ನಮಸ್ಕರಿಸಿದರು. ಹಬ್ಬದ ದಿನವೆಂದು ತಿಳಿದ ಅಜ್ಜಿ "ಮಕ್ಕಳು ಮರಿ ಚೆನ್ನಾಗಿರಲಿ" ಎಂದು ಹರಸಿದರು. ಕ್ರಾಂತಿಗೆ ನಮ್ಮ ಮನೆಯಿಂದ ಸಂದ ಕಾಣಿಕೆ ಅಷ್ಟೇ.

ಒಂದು ವಾರದಲ್ಲಿ ಮಾಸ್ಟರ್‌ಮಶಾಯ್ ಪಾರ್ಕ್ ಸ್ಟ್ರೀಟಿನ ಬಳಿಯ ಒಂದು ಪುಟ್ಟ ಚಿತ್ರಶಾಲೆಯವರನ್ನು ಒಪ್ಪಿಸಿಯೇ ಬಂದರು. ಚಳಿಗಾಲದಲ್ಲಿ ಏಳು ದಿನ, ಗೋಡೆಯ ಪಕ್ಕ ಒಂದು ಉದ್ದನೆಯ ಮೇಜು ಚಿಕ್ಕಪ್ಪನಿಗೆ. ಆದರೆ ಹನ್ನೆರಡು ಬೇಕು, ಒಂದೂ ಕಡಿಮೆಯಾಗಬಾರದು. ಚಿಕ್ಕಪ್ಪ ಆ ಸಂಜೆ ಮೂರು ಸಲ ಮುಖ ತೊಳೆದುಕೊಂಡರು. ಐವತ್ತು ದಾಟಿದ ಮನುಷ್ಯ, ಬ್ಯಾಂಕಿನಲ್ಲಿ ಬಡ್ತಿ ಬಂದಾಗಲೂ ಒಂದೇ ಸಲ ತೊಳೆದುಕೊಂಡಿದ್ದರು.

ಅಪ್ಪ ಎಲ್ಲರನ್ನೂ ಕೂಡಿಸಿ ಪ್ರಮಾಣ ಮಾಡಿಸಿದರು. "ಚಳಿಗಾಲ ಮುಗಿವವರೆಗೆ ಆ ಹಲಗೆಯ ಮೇಲಿನ ಯಾವುದೂ ಯಾರ ಉಪಯೋಗಕ್ಕೂ ಬರ್ಲಿಕ್ಕಿಲ್ಲ. ಅಮ್ಮಾ, ನಿಮಗೂ ಹೇಳಿದ್ದು!" ಎಂಥ ಕಷ್ಟದ ವ್ರತ ಅಂತೀರಿ! ಚಿಕ್ಕಪ್ಪ ಆ ಚೈನಿನ ಉಂಗುರವನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದರು. ಚಿಕ್ಕಮ್ಮ ಬಿಸಿ ಪಾತ್ರೆ ಹಿಡಿದು ಹೊರಗೆ ಬರುವುದು, ಅದನ್ನು ಆಸೆಯಿಂದ ನೋಡುವುದು, ನಿಟ್ಟುಸಿರು ಬಿಟ್ಟು ಹಳೇ ಪೇಪರಿನ ಮೇಲೆ ಪಾತ್ರೆ ಇಡುವುದು. ಹೀಗೆ ಎಂಟಾಯಿತು, ಹತ್ತಾಯಿತು. ಕಾಳಿಪೂಜೆ ಕಳೆದು ಕೆಲವು ದಿನಕ್ಕೆ ಹನ್ನೆರಡನೆಯದು ಎದ್ದು ನಿಂತಿತು.

ಆ ವಾರವೇ ಚಿಕ್ಕಮ್ಮ ಬಿದ್ದರು.

ಬೆಳಿಗ್ಗೆ ನೀರುದೋಸೆ ಹೊಯ್ಯುತ್ತಿದ್ದವರು ಸೌಟು ಕೈಜಾರಿ ಬಿತ್ತು ಅಂದುಕೊಂಡರಂತೆ. ಜಾರಿದ್ದು ಸೌಟಲ್ಲ, ಕೈಯೇ. ಹದಿನೈದು ದಿನ ಆಸ್ಪತ್ರೆ. ಮನೆಗೆ ಬಂದಾಗ ಮಾತು ಸರಿಯಾಗಿತ್ತು, ಕಾಲು ಸ್ವಲ್ಪ ಎಳೆಯುತ್ತಿತ್ತು, ಬಲಗೈ ಮಾತ್ರ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಬೆರಳಿಗೆ ಕೆಲಸ ಕೊಟ್ಟರೆ ಕೈ ಬರಬಹುದು, ಮೊದಲ ಕೆಲವು ತಿಂಗಳು ಮುಖ್ಯ, ಬಿಟ್ಟರೆ ಬಿಟ್ಟ ಹಾಗೆಯೇ ಅಂದಿದ್ದರು ಡಾಕ್ಟರು. ಡಮ್ ಡಮ್‌ನಿಂದ ಲೋಕಲ್ ರೈಲು ಹಿಡಿದು ಒಬ್ಬ ಹಿರಿಯ ನರ್ಸಮ್ಮ ಬಂದು ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟುಹೋದರು. ಚಿಕ್ಕಮ್ಮ ಅದನ್ನು ಎಡಗೈಯಲ್ಲಿ ಎತ್ತಿ ಕಿಟಕಿಯಿಂದ ಹೊರಗೆ ಹಾಕಿದರು. "ನಾನೇನು ಆಡುವ ಮಗುವಾ? ಇದು ನನ್ನ ಕೈಯೇ ಅಲ್ಲ, ಬಿಡಿ" ಅಂದರು. ಆಮೇಲೆ ಯಾರ ಮಾತಿಗೂ ಜಗ್ಗಲಿಲ್ಲ. ನಗುವುದನ್ನೇ ಬಿಟ್ಟರು. "ಎಂತಕ್ಕೆ ಬರ್ತದೆ ಅದು?" ಎಂಬ ದನಿ ಕೇಳದ ಆ ಮನೆಯಲ್ಲಿ ನನಗೆ ಓದಲು ಆಗುತ್ತಿರಲಿಲ್ಲ.

ಪ್ರದರ್ಶನಕ್ಕೆ ಮೂರು ವಾರ ಇರುವಾಗ ಒಂದು ಭಾನುವಾರದ ಮಧ್ಯಾಹ್ನ ಚಿಕ್ಕಪ್ಪ ಹನ್ನೆರಡನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು ಎಣಿಸಿ, ಸುತ್ತಿಡಲು ಹಳೇ ಪೇಪರು ತರಲು ಒಳಗೆ ಹೋದರು. ಪಕ್ಕದ ಕುರ್ಚಿಯಲ್ಲಿ ಚಿಕ್ಕಮ್ಮ. ಎದುರಿಗೇ ಆ ಚೈನಿನ ಉಂಗುರ. ನಾನು ವರಾಂಡದ ಬಾಗಿಲಲ್ಲಿದ್ದೆ.

"ಇದರ ಒಂದು ಕಾಲು ಸಡಿಲ ಉಂಟು" ಅಂದರು ಚಿಕ್ಕಮ್ಮ, ತಮ್ಮಷ್ಟಕ್ಕೇ. ಎಡಗೈಯಿಂದ ಬಲಗೈಯನ್ನು ಎತ್ತಿ ಮೇಜಿನ ಮೇಲೆ ಇಟ್ಟುಕೊಂಡರು. ನಟ್ಟನ್ನು ಬಿಗಿ ಮಾಡಲು ಹೊರಟರು. ಆದರೆ ಆ ಬೆರಳುಗಳು ಬಿಗಿಯುವ ಕಡೆಗೆ ತಿರುಗಲೊಲ್ಲವು, ಬಿಚ್ಚುವ ಕಡೆಗೆ ಮಾತ್ರ ಕೂದಲಿನಷ್ಟು ಅಲುಗಿದವು. ಅಲುಗಿದ್ದನ್ನು ನಾನು ನೋಡಿದೆ. ಅವರೂ ನೋಡಿದರು. ತುಟಿ ಕಚ್ಚಿಕೊಂಡು ಕೂತುಬಿಟ್ಟರು. ಎಷ್ಟು ಹೊತ್ತಾಯಿತೋ, ಠಣ್ ಎಂದು ನಟ್ಟು ನೆಲಕ್ಕೆ ಬಿತ್ತು. ಉಂಗುರ ಮಗ್ಗುಲಿಗೆ ಮಲಗಿತು.

ಚಿಕ್ಕಪ್ಪ ಪೇಪರಿನ ಕಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಈಗ ಊಟ ಬಿಡುತ್ತಾರೆ, ಹಾಸಿಗೆ ಹಿಡಿಯುತ್ತಾರೆ ಅಂದುಕೊಂಡೆ. ಅವರು ಬಂದು ನಟ್ಟನ್ನು ಹೆಕ್ಕಿ ಪಕ್ಕದಲ್ಲಿಟ್ಟರು. ಚಿಕ್ಕಮ್ಮನ ಬೆರಳನ್ನೇ ನೋಡಿದರು. ಆಮೇಲೆ ಸಾಲಿನಲ್ಲಿದ್ದ ಎರಡನೆಯದನ್ನು ಅವರ ಮುಂದೆ ಸರಿಸಿ, "ಇದರದ್ದು ಸ್ವಲ್ಪ ಬಿಗಿ ಉಂಟು ಮಾರಾಯ್ತಿ. ಆಗ್ತದಾ ನೋಡು" ಅಂದರು.

ಹಾಗೆ ಶುರುವಾಯಿತು. ದಿನಕ್ಕೊಂದು, ಒಮ್ಮೊಮ್ಮೆ ಎರಡು ದಿನಕ್ಕೊಂದು. ಇಪ್ಪತ್ತು ವರ್ಷ ಒಂದು ಪಾತ್ರೆಯನ್ನು ಇಡಲು ಬಿಡದ ಮನುಷ್ಯ ತನ್ನ ಮೇಜನ್ನು ತಾನೇ ಖಾಲಿ ಮಾಡಿಸುತ್ತಿದ್ದರು. ಒಂದು ಬೆಳಿಗ್ಗೆ ನಾನು ಬೇಗ ಎದ್ದು ಬಂದರೆ ಆಫೀಸಿಗೆ ಹೊರಟ ವೇಷದಲ್ಲಿ ಅವರು ಮೇಜಿನ ಬಳಿ ಬಗ್ಗಿದ್ದರು. ಅಂದಿನ ಪಾಲಿನ ನಟ್ಟುಗಳಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದೊಂದೇ ಹನಿ ಬಿಟ್ಟು, ಅರ್ಧ ಸುತ್ತು ಸಡಿಲ ಮಾಡಿ ಇಡುತ್ತಿದ್ದರು.

"ಅವಳಿಗೆ ಹೇಳ್ಬೇಡ, ಆಯ್ತಾ?" ಅಂದರು, ಕಳ್ಳ ಸಿಕ್ಕಿಬಿದ್ದ ಹಾಗೆ.

ನಾನು ಹೇಳಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ, ಅಷ್ಟೇ.

ಪ್ರದರ್ಶನದ ದಿನ ಮಾಸ್ಟರ್‌ಮಶಾಯ್ ಟ್ಯಾಕ್ಸಿಯನ್ನೇ ತಂದು ಬಾಗಿಲಲ್ಲಿ ನಿಲ್ಲಿಸಿದರು. ಸುಣ್ಣದಂಥ ಬಿಳಿ ಪಂಚೆ, ಕುತ್ತಿಗೆಗೆ ಮಫ್ಲರು. ಚಿಕ್ಕಪ್ಪನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಸಿದ ಕಾರ್ಡು ಕೈಯಲ್ಲಿ. ಮೇಜು ನೋಡಿ ಬೆಪ್ಪಾದರು. ಒಂದು ರಾಶಿ ನಟ್ಟು ಬೋಲ್ಟು, ಅದರ ಪಕ್ಕ ಒಂದೇ ಒಂದು ನಿಂತಿತ್ತು. ಸೈಕಲ್ ಬೆಲ್ಲಿನ ಮುಚ್ಚಳ, ಅದರ ಮೇಲೆ ಟ್ರಾಮಿನ ಬೋಲ್ಟು, ಬೋಲ್ಟಿಗೆ ಅಡ್ಡಾದಿಡ್ಡಿ ಎರಡು ಕೀಲಿಕೈ. ಎಡಕ್ಕೆ ವಾಲಿತ್ತು. ಹಿಂದಿನ ಸಂಜೆ ಚಿಕ್ಕಮ್ಮ ಬಿಚ್ಚುವುದು ಸಾಕಾಗಿ, ಮೊದಲ ಸಲ ನಟ್ಟನ್ನು ಬಿಗಿಯುವ ಕಡೆಗೆ ತಿರುಗಿಸಿ, ಆ ರಾಶಿಯಿಂದಲೇ ಇದನ್ನು ಕಟ್ಟಿದ್ದರು. ಬಲಗೈಯಲ್ಲಿ.

"ಉಳಿದ ಹನ್ನೊಂದು ಎಲ್ಲಿ ದಾದಾ?"

"ಉಪಯೋಗಕ್ಕೆ ಬಂದುವು" ಅಂದರು ಚಿಕ್ಕಪ್ಪ. ಎಷ್ಟು ಸಲೀಸಾಗಿ ಅಂದರು!

ಮಾಸ್ಟರ್‌ಮಶಾಯ್ ಚಿಕ್ಕಮ್ಮನ ಕೈ ನೋಡಿದರು, ರಾಶಿ ನೋಡಿದರು. ನಿಂತಿದ್ದ ಆ ಒಂದನ್ನು ತೋರಿಸಿ, ಮೆರವಣಿಗೆಯ ದನಿ ಬಿಟ್ಟು ಮೆಲ್ಲಗೆ, "ಬೌದಿ, ಇದು ಏನು?" ಎಂದು ಕೇಳಿದರು.

ಬೌದಿ ಅಂದರೆ ಅತ್ತಿಗೆ. ಅತ್ತಿಗೆ ಗಂಡನ ಕಡೆ ನೋಡಿದರು. ಗಂಡ ಗಂಭೀರವಾಗಿ ಕೇಳಿದರು, "ಎಂತಕ್ಕೆ ಬರ್ತದೆ ಅದು?"

ಚಿಕ್ಕಮ್ಮನ ತುಟಿಯ ಒಂದು ಬದಿ ಮೇಲೆದ್ದಿತು, ಹೇಗೋ ಇನ್ನೊಂದು ಬದಿಯೂ ಬಂತು.

"ಎಂತಕ್ಕೂ ಬರುದಿಲ್ಲ!" ಅಂದರು.

ಎರಡು ತಿಂಗಳ ಮೇಲೆ ಅವರು ನಕ್ಕದ್ದು. ಚಿಕ್ಕಪ್ಪ ಕಾರ್ಡನ್ನು ಇಸಿದುಕೊಂಡು, ಜೇಬಿನ ಪೆನ್ನು ತೆಗೆದು, ದಪ್ಪ ಅಕ್ಷರದ ತನ್ನ ಹೆಸರನ್ನು ಗೀಟೆಳೆದು ಹೊಡೆದುಹಾಕಿ ಅದರ ಕೆಳಗೆ ಚಿಕ್ಕಮ್ಮನ ಹೆಸರು ಬರೆದರು. ಹನ್ನೆರಡಕ್ಕೆ ಒಂದೂ ಕಡಿಮೆಯಾಗಬಾರದು ಅಂದಿದ್ದವರ ಜೊತೆ ಮಾಸ್ಟರ್‌ಮಶಾಯ್ ಹೇಗೆ ಜಗಳಾಡಿದರೋ ನನಗೆ ಗೊತ್ತಿಲ್ಲ. ಪಾರ್ಕ್ ಸ್ಟ್ರೀಟಿನ ಬಳಿಯ ಆ ಕೋಣೆಯಲ್ಲಿ, ಅಷ್ಟುದ್ದದ ಮೇಜಿನ ಮೇಲೆ, ಗೇಣುದ್ದದ ಅದೊಂದೇ ಏಳು ದಿನ ವಾಲಿಕೊಂಡು ನಿಂತಿತ್ತು. ಕೊನೆಯ ದಿನ ಹವಾಲ್ದಾರರೂ ಬಂದು ನೋಡಿಹೋದರಂತೆ. ಬುಡದ ಬಗ್ಗೆ ಏನೂ ಹೇಳಲಿಲ್ಲವಂತೆ.

ಚಿಕ್ಕಮ್ಮ ಆಮೇಲೆ ಹನ್ನೊಂದು ವರ್ಷ ನೀರುದೋಸೆ ಹೊಯ್ದರು. ಅಂಚು ಮಾತ್ರ ಮೊದಲಿನಷ್ಟು ಗುಂಡಗೆ ಬರಲಿಲ್ಲ. ಹಾಗೇ ಇರಲಿ, ಚೆನ್ನಾಗುಂಟು ಎಂದು ಚಿಕ್ಕಪ್ಪ ನಾಲ್ಕು ಹೆಚ್ಚಿಗೆ ತಿನ್ನುತ್ತಿದ್ದರು. ಈಗ ಇಬ್ಬರೂ ಇಲ್ಲ. ವಾಲಿದ ಅದು ನನ್ನ ಬರೆಯುವ ಮೇಜಿನ ಮೇಲಿದೆ. ಫ್ಯಾನಿನ ಗಾಳಿಗೆ ಕಾಗದಗಳು ಹಾರುತ್ತವೆ. ಈ ಪ್ರಬಂಧದ ಹಾಳೆಗಳೂ ಎರಡು ಸಲ ಹಾರಿ ನೆಲಕ್ಕೆ ಬಿದ್ದವು. ಕೈಯಳತೆಯಲ್ಲೇ ಅಷ್ಟು ಭಾರದ ಕಬ್ಬಿಣ ಇದೆ, ಆದರೂ ಎದ್ದುಹೋಗಿ ಹೆಕ್ಕಿ ತಂದೆ. ಈಗ ಎಡಗೈಯಲ್ಲಿ ಒತ್ತಿ ಹಿಡಿದುಕೊಂಡು ಬರೆಯುತ್ತಿದ್ದೇನೆ.